ನಾತ್ಸುಮೆ ಎಳೆದುಕೊಂಡ ಬಾಗಿಲು

ಕುರಾತಾ ಸೆನ್ಸೇ ಅವರಿಗೆ,
ಸೆರೆಬ್ರಲ್ ಪಾಲ್ಸಿ ಮಕ್ಕಳ ಫಿಸಿಯೋಥೆರಪಿ ವಿಭಾಗ

ವಾಡಿಕೆಯಂತೆ ಹವಾಮಾನ ವಿಚಾರಿಸಿ ಪತ್ರ ಶುರುಮಾಡುವ ತಾಳ್ಮೆ ಇವತ್ತಿಲ್ಲ, ಕ್ಷಮಿಸಿ. ನನ್ನ ಮಗಳು ನಾತ್ಸುಮೆಯ ಈ ಸಲದ ಚಿಕಿತ್ಸೆಯ ಗುರಿ ‘ಗೋಡೆ ಹಿಡಿದು ಊಟದ ಮೇಜಿಗೆ ಬರುವುದು’ ಎಂದು ನಾನೇ ಬರೆಸಿದ್ದೆ. ನಿನ್ನ ಗುರಿ ಏನೆಂದು ನೀವು ಅವಳನ್ನೇ ಕೇಳಿದಾಗ ಅವಳು ಬಾಯಿ ಬಿಡಲಿಲ್ಲ.

ಇವತ್ತು ಬೆಳಿಗ್ಗೆ, ತಟ್ಟೆಯಲ್ಲಿದ್ದ ಹುಳಿಸಿದ ಸೋಯಾ ಕಾಳು, ನಾತ್ತೋ, ಬಿಡದೆ ತಿನ್ನು ಎಂದು ಅವಳನ್ನು ಗದರಿದೆ.

“ಎಲ್ಲಾದಕ್ಕೂ ನೀನೇ ಹೇಳ್ಬೇಕಾ? ಸಾಕು, ಹೋಗಮ್ಮ!” ಎಂದಳು.

ನಾನು ಕದಲಲಿಲ್ಲ. ಅವಳೇ ಎದ್ದು, ಗೋಡೆ ಹಿಡಿದು ತನ್ನ ಕೋಣೆಗೆ ನಡೆದು, ಹಿಂದೆಯೇ ಹೋದ ನನ್ನ ಮುಖದ ಮೇಲೇ ಬಾಗಿಲು ಎಳೆದುಕೊಂಡಳು.

ಅವಳು ನಿಮಗೆ ಹೇಳದೆ ಬಚ್ಚಿಟ್ಟ ಗುರಿ ಇದೇ ಇರಬೇಕು. ಮುಂದಿನ ಸಲ ಅವಳ ಪ್ರಗತಿ ಅಳೆಯುವಾಗ ದಯವಿಟ್ಟು ಇದಕ್ಕೂ ಅಂಕ ಕೊಡಿ. ಬಾಗಿಲ ಹೊರಗೆ ಸುಮ್ಮನೆ ನಿಲ್ಲುವುದನ್ನು ನನ್ನ ಗುರಿಯಾಗಿ ಬರೆದುಕೊಳ್ಳಿ. ಇಷ್ಟು ಬರೆಯುವುದರೊಳಗೆ ಎರಡು ಸಲ ಬಾಗಿಲು ತಟ್ಟಿದ್ದಾಯಿತು.

ಇತಿ,
ನಾತ್ಸುಮೆಯ ತಾಯಿ
ಹಿರಾಯಾಮಾ ಚಿಯೆ