ಬೇಲಿಯಾಚೆ ಬಿದ್ದ ಎಲ್ಕ್

ನಿನ್ನ ಉತ್ತರ ದಿಕ್ಕಿನ ಗೇಟಿನ ಹೊರಗೆ
ನವೆಂಬರ್, ಭಾನುವಾರ ಬೆಳಿಗ್ಗೆ

ಮರ್ವಿನ್,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದನ್ನು ಪೂರ್ತಿ ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು.

ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಿನ್ನ ಆಳು ಹಾರ್ಲನ್ ಇಲ್ಲೇ ದನಕ್ಕೆ ಹುಲ್ಲು ಹಾಕುತ್ತಿದ್ದ, ಅವನನ್ನು ನಿನ್ನ ಅನುಮತಿ ಕೇಳಿ ಬರಲು ಮನೆಗೆ ಓಡಿಸಿದೆ. ವಾಪಸು ಬಂದು ಟೋಪಿ ಹಿಚುಕುತ್ತ, "ಆರ್ಡಿತಕ್ಕ, ಯಜಮಾನ್ರು ಬಾಯಿಮಾತು ಕೇಳಲ್ವಂತೆ. ಏನಿದ್ರೂ ಬರೆದು ಕಳಿಸ್ಲಿ ಅಂದ್ರು" ಅಂದ. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟ ಅಕ್ಕನ ಕೈಲಿ ಅರ್ಜಿ ಬರೆಸುವ ಆಸೆ ನಿನಗೆ. ಆಗಲಿ. ಅವನ ಟ್ರಕ್ಕಿನ ಬಾನೆಟ್ ಮೇಲೆ ಹಾಳೆ ಇಟ್ಟು ಬರೆಯುತ್ತಿದ್ದೇನೆ.

ನಿನ್ನ ಜಮೀನಿನ ಹಿಂದಿನ ಸರ್ಕಾರಿ ನೆಲದಲ್ಲಿ ಬೆಳಕು ಹರಿದ ಮೇಲೆ ಕುದುರೆ ಗಾತ್ರದ ಒಂದು ಹೆಣ್ಣು ಎಲ್ಕ್ ಜಿಂಕೆಗೆ ಗುಂಡು ಬಿತ್ತು. ಲೈಸೆನ್ಸ್ ಇದೆ, ನಕ್ಷೆ ಇದೆ, ನಿಂತ ಜಾಗ ಸರಿಯಿದೆ. ಗುಂಡು ಮಾತ್ರ ಎದೆ ಬಿಟ್ಟು ಸ್ವಲ್ಪ ಹಿಂದಕ್ಕೆ ತಗುಲಿತು. ಅದು ಬೇಲಿ ಹಾರಿ ನಿನ್ನ ಹಳ್ಳದ ಇಳಿಜಾರಿನಲ್ಲಿ ಬಿದ್ದಿದೆ. ಇನ್ನೂ ತಲೆ ಎತ್ತುತ್ತಿದೆ, ಮರ್ವಿನ್. ಇಲ್ಲಿಂದಲೇ ಇನ್ನೊಂದು ಗುಂಡು ಹೊಡೆದು ಅದರ ಸಂಕಟ ಮುಗಿಸಬಹುದು. ಆದರೆ ಅದು ನಿನ್ನ ನೆಲ, ಯಾರೂ ಒಳಗೆ ಬರಕೂಡದು ಅಂತ ಕಂಬಕಂಬಕ್ಕೂ ನೀನೇ ಕಿತ್ತಳೆ ಬಣ್ಣ ಬಳಿದಿದ್ದೀಯ. ನೀನು ಒಪ್ಪದೆ ಕಾಲೂ ಇಡುವಂತಿಲ್ಲ, ಗುಂಡೂ ಹಾರಿಸುವಂತಿಲ್ಲ. ಬೇಟೆ ಇಲಾಖೆಯ ವಾರ್ಡನ್‌ಗೆ ಫೋನ್ ಮಾಡಿದರೆ, "ನಾನ್ ಬರೋಕೇ ಮಧ್ಯಾಹ್ನ ಆಗತ್ತೆ. ಬಂದ್ರೂ ಜಮೀನಿನವರು ಹೂಂ ಅನ್ಬೇಕಲ್ಲ" ಅಂದ.

"ನನ್ನ ಬೇಲಿ ಪಕ್ಕಕ್ಕೇ ಯಾಕೆ ಬಂದೆ" ಅನ್ನುತ್ತೀಯ. ಬೇರೆಲ್ಲಿಗೆ ಹೋಗಲಿ? ಅವರ ಜಮೀನಿನಲ್ಲಿ ಬೇಟೆಗೆ ಬಿಡಿ ಅಂತ ಸ್ಟ್ರೋಮ್ ಮನೆ ಬಾಗಿಲು ತಟ್ಟಿದೆ. ಮುದುಕನಿದ್ದಾಗ "ಗೇಟ್ ಮುಚ್ಕೊಂಡ್ ಹೋಗು" ಅನ್ನುವುದೊಂದೇ ಷರತ್ತಿತ್ತು. ಈಗ ಮಗ, "ಎಲ್ಲಾ ಬೇಟೆ ಗೈಡ್ ಕಂಪನಿಗೆ ಕೊಟ್ಬಿಟ್ಟಿದೀವಿ ಅಜ್ಜಿ, ಅವರ ಗಿರಾಕಿಗಳು ವಿಮಾನದಲ್ಲಿ ಬರ್ತಾರೆ" ಅಂದ. ಅವನ ಮೂಗು ಒರೆಸಿದವಳು ನಾನು! ನದಿ ಕಡೆಯ ಹೊಸಬರು ಬಾಗಿಲನ್ನೂ ತೆಗೆಯಲಿಲ್ಲ, ಕಿಟಕಿಯಿಂದಲೇ ಕೈ ಅಲ್ಲಾಡಿಸಿದರು. ಮೊಂಟಾನಾದಲ್ಲಿ ಹುಟ್ಟಿ ಮುದುಕಿಯಾದವಳಿಗೆ ಬಂದೂಕು ಹಿಡಿದು ನಿಲ್ಲಲು ಜಾಗವಿಲ್ಲ. ನಕ್ಷೆಯಲ್ಲಿ ಸರ್ಕಾರಿ ನೆಲ ಬೇಕಾದಷ್ಟಿದೆ, ಹೋಗುವ ದಾರಿ ಮಾತ್ರ ಯಾರದೋ ಬೀಗದ ಹಿಂದೆ. ನಿನ್ನ ದಾರಿಯಲ್ಲಿ ಬಂದರೆ ಕಾಫಿ ಆರುವಷ್ಟರಲ್ಲಿ ಮುಟ್ಟುವ ಜಾಗಕ್ಕೆ ಇಡೀ ಬೆಟ್ಟ ಸುತ್ತಿ ನಡೆದು ಬಂದೆವು. ನನ್ನ ಮಂಡಿ ನಿನಗೆ ಶಾಪ ಹಾಕುತ್ತಿದೆ.

ಆ ವರ್ಷ ನಿನ್ನ ಅಳಿಯ ಗೇಟು ತೆರೆದಿಟ್ಟು ಹೋದ, ನಿನ್ನ ದನ ಹೆದ್ದಾರಿಗೆ ಇಳಿದು ಲಾರಿಗೆ ಸಿಕ್ಕವು. ನಿಜ. ಅದಕ್ಕೆ ಊರಿಗೆಲ್ಲ ಬೀಗ ಜಡಿದೆ, ಮಗಳನ್ನೂ ಅವನ ಜೊತೆ ಹೊರಗಟ್ಟಿದೆ, ಬಾಯಿ ತೆಗೆದ ನನ್ನನ್ನೂ ದೂರ ಇಟ್ಟೆ. ಆ ಜಗಳ ಇನ್ನೊಂದು ದಿನ ಆಡೋಣ. ನನ್ನಲ್ಲಿ ಬೈಗುಳ ಖಾಲಿಯಾಗಿಲ್ಲ.

ನನ್ನ ಜೊತೆ ಬೇಟೆಗೆ ಬಂದವಳು ಬೇಲಿ ತಂತಿ ಹಿಡಿದು ನಿಂತಿದ್ದಾಳೆ. "ಯಾರ್ ನೋಡ್ತಾರೆ, ಹಾರ್ಕೊಂಡ್ ಹೋಗಿ ಮುಗ್ಸಿ ಬಾರೇ" ಅಂತ ನಾನೇ ಸಿಟ್ಟಿಗೆ ಅಂದುಬಿಟ್ಟೆ. "ಕೇಳ್ದೆ ಕಾಲಿಡಲ್ಲ" ಅಂದಳು. ಅಳುತ್ತಿದ್ದಾಳೆ, ಅಲುಗುತ್ತಿಲ್ಲ.

ಹಿಮ ಬಿದ್ದಿಲ್ಲ, ಬಿಸಿಲು ಏರುತ್ತಿದೆ. ಮಧ್ಯಾಹ್ನದವರೆಗೆ ಬಿಟ್ಟರೆ ಅದು ನರಳಿ ಸತ್ತು ಮಾಂಸವೂ ಕೆಡುತ್ತದೆ. ಕಾಗೆಗಳು ಆಗಲೇ ಇಳಿದಿವೆ. ಅರ್ಧ ಮಾಂಸ ನಿನಗೇ ಇರಲಿ. ಒಂದು ಸಾಲು ಬರೆದು ಹಾರ್ಲನ್ ಕೈಲಿ ಕೊಟ್ಟು ಕಳಿಸು, ಬೇಗ.

ಬೇಲಿಯ ಈಚೆ ಕಾಯುತ್ತಿರುವ ನಿನ್ನ ಅಕ್ಕ,
ಆರ್ಡಿತ್

ಇನ್ನೊಂದು. ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ. ಗುಂಡು ಹೊಡೆದದ್ದು ನಾನಲ್ಲ, ಕೊರಿನ್. ಹೌದು, ನಿನ್ನ ಮಗಳು. ಗಂಡನನ್ನು ಬಿಟ್ಟು ಬಂದು ಬೇಸಿಗೆಯಿಂದ ನನ್ನ ಮನೆಯಲ್ಲಿದ್ದಾಳೆ. ಹಾರ್ಲನ್‌ನನ್ನು ಬೈಯಬೇಡ, "ಬಾಯಿ ಬಿಡಬೇಡ" ಅಂತ ಅವನಿಗೆ ಅಂದವಳು ನಾನೇ. ಹೊಡೆದವರೇ ಹೋಗಿ ಪ್ರಾಣಿಗೆ ತಮ್ಮ ಹೆಸರಿನ ಚೀಟಿ ಕಟ್ಟಬೇಕು ಅನ್ನುವ ಕಾನೂನು ನಿನಗೆ ಗೊತ್ತಿದೆ. ಹಾಗಾಗಿ ನನ್ನ ಹೆಸರಿಗೆ ಅನುಮತಿ ಬರೆದು ಪ್ರಯೋಜನವಿಲ್ಲ. ಅವಳ ಹೆಸರೇ ಬರೆಯಬೇಕು. ಅದಕ್ಕೆ ಕೈ ಬರದಿದ್ದರೆ ಬಂದೂಕು ತೆಗೆದುಕೊಂಡು ನೀನೇ ಬಾ, ಆ ಪ್ರಾಣಿಯ ಸಂಕಟವನ್ನಾದರೂ ಮುಗಿಸು. ಅವಳು ಗೇಟಿನ ಹೊರಗೇ ನಿಂತಿರುತ್ತಾಳೆ.