ರೋಸ್‌ಮರಿಗೆ ಮೂರು ಲೋಟ ನೀರು

ಮನೆ, ನಾಲ್ಕನೇ ಮಹಡಿ
ಮಂಗಳವಾರ, ಹದಿನಾಲ್ಕನೇ ತಾರೀಕು (ಸಲೂನಿಗೆ ರಜೆ)

ಪ್ರೀತಿಯ ಅಕ್ಕಾ,

ಊರಿಗೆಲ್ಲ ಡಂಗುರ ಸಾರಬೇಕಾದ ಸುದ್ದಿಯೊಂದನ್ನು ಮೊದಲು ನಿನಗೊಬ್ಬಳಿಗೇ ತಿಳಿಸುತ್ತಿದ್ದೇನೆ. ಇಂದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಅಮ್ಮ, ಲಿಫ್ಟ್ ಚಿಕ್ಕಪ್ಪ ಹಾಗೂ ಹಲ್ಲುಜ್ಜುತ್ತಿದ್ದ ನನ್ನ ಸಮ್ಮುಖದಲ್ಲಿ, ನಮ್ಮ ಬಾಲ್ಕನಿಯ ಮೂರನೇ ಕುಂಡದ ಎಡಗಡೆಯ ಕವಲಿನಲ್ಲಿ ಹೊಸ ಚಿಗುರೊಂದು ಕಾಣಿಸಿಕೊಂಡಿದೆ. ಉದ್ದ, ಒಂದು ಅಕ್ಕಿಕಾಳಿನಷ್ಟು. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ನೋಡಿ ದೃಢಪಡಿಸಿದರು. ಆಮೇಲೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ದೃಢಪಡಿಸಿದರು.

ಈ ಸಂಭ್ರಮದಲ್ಲಿ ಕ್ಷೇಮ ಕೇಳುವುದೇ ಮರೆತುಹೋಯಿತು. ಹೇಗಿದ್ದೀಯ? ಹಾಸ್ಟೆಲಿನ ನೀರು ಒಗ್ಗಿತೇ? ಕಾರ್ಖಾನೆಯಲ್ಲಿ ದಿನವಿಡೀ ಅಂಗಿಯ ಗುಂಡಿಗಳನ್ನು ಪೊಟ್ಟಣ ಕಟ್ಟಿ ಕಟ್ಟಿ ಕುತ್ತಿಗೆ ನೋವು ಎಂದಿದ್ದೆಯಲ್ಲ, ಈಗ ವಾಸಿಯೇ? ಮೂಗಿನ ವಿಷಯ ಕೇಳುವುದಿಲ್ಲ. ಕೇಳಿದರೆ ಭಾನುವಾರ ಫೋನಿನಲ್ಲಿ ಹೇಳಿದಂತೆ "ಇದ್ದಲ್ಲೇ ಇದೆ" ಎಂದುಬಿಡುತ್ತೀಯ. ನಾವು ಮೂವರೂ ಗಟ್ಟಿಮುಟ್ಟಾಗಿದ್ದೇವೆ. ಫೋನಿರುವಾಗ ಕಾಗದ ಯಾಕೆ ಬರೆದೆ ಎಂದು ನೀನು ಕೇಳಬಹುದು. ಅದಕ್ಕೊಂದು ಕಾರಣವಿದೆ, ಕೊನೆಯಲ್ಲಿ ಬರುತ್ತದೆ. ಹಾರಿಸಿ ಓದಬೇಡ.

ಮೂರನೇ ಕುಂಡ ಎಲ್ಲಿಂದ ಬಂತು, ನಾನು ಬಿಟ್ಟು ಬಂದದ್ದು ಒಂದೇ ಅಲ್ಲವೇ ಎಂದು ನೀನು ಹುಬ್ಬು ಗಂಟಿಕ್ಕಿರುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಹೇಳಿಬಿಡುತ್ತೇನೆ, ಕೂತುಕೊಂಡು ಓದು. ನೀನು ಬಿಟ್ಟುಹೋದ ರೋಸ್‌ಮರಿ ಗಿಡ ಈಗಿಲ್ಲ. ನೀನು ರೈಲು ಹತ್ತಿದ ಐದನೇ ವಾರಕ್ಕೇ ಅದು ತೀರಿಕೊಂಡಿತು. ಅಲ್ಲಿಂದೀಚೆಗೆ "ಗಿಡ ಹೇಗಿದ್ಯೋ" ಎಂದು ನೀನು ಕೇಳಿದಾಗಲೆಲ್ಲ "ಸೊಂಪಾಗಿದೆ" ಎಂದವನು ನಾನು. ಪಕ್ಕದಿಂದ "ನಿನಗಿಂತ ಚೆನ್ನಾಗಿದೆ" ಎಂದವಳು ಅಮ್ಮ. ನೀನು ಫೋಟೋ ಕೇಳಿದಾಗ ಹಳೆಯದೊಂದನ್ನು ಹುಡುಕಿ ಕಳಿಸಿದವರು ಚಿಕ್ಕಪ್ಪ. ಮೂವತ್ತು ವರ್ಷ ಆಫೀಸಿನ ಲಿಫ್ಟ್ ನಡೆಸಿದ ಮನುಷ್ಯ, ಯಾರನ್ನು ಎಲ್ಲಿ ಇಳಿಸಬೇಕೆಂದು ಅವರಿಗೆ ಗೊತ್ತು.

ಸಾವಿಗೆ ಕಾರಣ ನೀರು. ನೀರಿಗೆ ಕಾರಣ, ಕ್ಷಮಿಸು, ನೀನು. ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಅಮ್ಮನ ಕಿವಿಯಲ್ಲಿ "ಅವರಿಬ್ರನ್ನೂ ನಂಬಬೇಡ, ಗಿಡ ನೀನೇ ನೋಡ್ಕೋ" ಎಂದೆಯಂತೆ. ಮೆಟ್ಟಿಲ ಮೇಲೆ ಚಿಕ್ಕಪ್ಪನಿಗೆ "ಅವರಿಬ್ರಿಗೂ ಮರೆವು, ನೀವೇ ಗತಿ" ಎಂದೆಯಂತೆ. ನನಗಂತೂ ರೈಲಿನ ಕಿಟಕಿಯಿಂದ ಕೈ ಹಿಡಿದು "ಕತ್ತರಿ, ನಿನ್ನ ಬಿಟ್ರೆ ಅದಕ್ಕೆ ಯಾರೂ ಇಲ್ಲ ಕಣೋ" ಎಂದೆ. ಮೂವರ ಎದೆಯೂ ಉಬ್ಬಿತು. ಅಮ್ಮ ಎದ್ದ ಕೂಡಲೇ ಒಂದು ಲೋಟ, ಚಿಕ್ಕಪ್ಪ ವಾಕಿಂಗ್ ಮುಗಿಸಿ ಬಂದು ಒಂದು ಲೋಟ, ನಾನು ಸಂಜೆ ಸಲೂನ್ ಮುಚ್ಚಿ ಬಂದು ಒಂದು ಲೋಟ. ಒಬ್ಬರು ಹಾಕಿದ್ದನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ. ಹೇಳಿದರೆ ನೀನು ಅವರನ್ನು ನಂಬಿಲ್ಲವೆಂದು ನೊಂದುಕೊಳ್ಳುತ್ತಾರಲ್ಲ, ನಮ್ಮದು ಮರ್ಯಾದಸ್ಥ ಕುಟುಂಬ. ಎಲೆಯ ತುದಿ ಕಂದುಬಣ್ಣಕ್ಕೆ ತಿರುಗಿದಾಗ ಪಾಪ, ಬಾಯಾರಿಕೆ ಇರಬೇಕೆಂದು ಮೂವರೂ ಎರಡೆರಡು ಲೋಟಕ್ಕೆ ಏರಿದೆವು. ಕೊನೆಗೆ ಒಂದು ರಜೆಯ ದಿನ, ಒಂದೇ ಕುರ್ಚಿ ಹಿಡಿಸುವ ಆ ಬಾಲ್ಕನಿಯ ಬಾಗಿಲಲ್ಲಿ, ಮೂವರೂ ತುಂಬಿದ ಲೋಟ ಹಿಡಿದು ಎದುರುಬದುರಾದೆವು. ಅಮ್ಮ ತನ್ನ ಲೋಟದ ನೀರನ್ನು ತಾನೇ ಕುಡಿದು ಒಳಗೆ ಹೋದಳು.

ಅಕ್ಕಾ, ಅದು ಬರೀ ಗಿಡವಾಗಿದ್ದರೆ ನರ್ಸರಿಯಿಂದ ಇನ್ನೊಂದು ತಂದಿಟ್ಟು ಇದೇ ನಿನ್ನದು ಎಂದು ನಿರಾಳವಾಗಿ ಸುಳ್ಳು ಹೇಳುತ್ತಿದ್ದೆ. ಆ ಜ್ವರ ಬಂದು ಹೋದ ಮೇಲೆ ನಿನ್ನ ಮೂಗು ಸತ್ತದ್ದು, ಬೇಕರಿಯಲ್ಲಿ ಎರಡು ತಟ್ಟೆ ಬ್ರೆಡ್ಡು ಕರಕಾಗಿ ಹೊಗೆಯೆದ್ದರೂ ಓವನ್ನಿನ ಪಕ್ಕದಲ್ಲೇ ನಿಂತಿದ್ದ ನಿನಗೆ ತಿಳಿಯದೆ ಹೋದದ್ದು, ಅವತ್ತು ನೀನು ಏಪ್ರನ್ ಬಿಚ್ಚಿ ಮಡಚಿಟ್ಟು ಬಂದದ್ದು, ಯಾವುದನ್ನೂ ನಾನು ಮರೆತಿಲ್ಲ. ದಿನಾ ಅದೇ ವಾಸನೆಗಳನ್ನು ಮೂಸುತ್ತಿರಬೇಕೆಂದು ಡಾಕ್ಟರು ಹೇಳಿದ್ದರಿಂದ ನೀನು ಲವಂಗ, ನಿಂಬೆಸಿಪ್ಪೆ, ಕಾಫಿಪುಡಿ ಎಲ್ಲ ಮೂಸಿದೆ. ಒಂದೂ ದಕ್ಕಲಿಲ್ಲ. ಹೊರಡುವ ದಿನ ಬೆಳಿಗ್ಗೆ ರೋಸ್‌ಮರಿ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಗಿಗೆ ಹಿಡಿದು "ಏನೋ ಬಂದ ಹಾಗಾಯ್ತು ಕಣೋ" ಎಂದೆಯಲ್ಲ, ಅದೇ ಗಿಡವನ್ನು ನಾವು ಮುಳುಗಿಸಿದ್ದು. ಹಾಸ್ಟೆಲ್ ರೂಮಿನಲ್ಲಿ ಬಿಸಿಲಿಲ್ಲವೆಂದು ನಮ್ಮನ್ನು ನಂಬಿ ಬಿಟ್ಟುಹೋಗಿದ್ದೆ.

ಆದ್ದರಿಂದ ಅದನ್ನು ಸಾಯಲು ಬಿಡುವುದಿಲ್ಲವೆಂದು ನಿರ್ಧರಿಸಿದೆ. ಆಗಲೇ ಸತ್ತಿತ್ತು ಎನ್ನುವುದು ಸಣ್ಣ ವಿಷಯ. ಕುಂಡದಿಂದ ಕಿತ್ತರೆ ಬೇರೆಲ್ಲ ಕಪ್ಪಗೆ, ಸಲೂನಿನ ಮೋರಿಯಲ್ಲಿ ಸಿಕ್ಕಿಕೊಂಡ ಕೂದಲಿನ ಹಾಗೆ. ತುದಿಯಲ್ಲಿ ಮಾತ್ರ ಒಂಬತ್ತು ಕಡ್ಡಿ ಇನ್ನೂ ಹಸಿರಾಗಿದ್ದವು. ಒಳ್ಳೆಯ ಕತ್ತರಿ ತಂದು ಬೆರಳುದ್ದಕ್ಕೆ ಕತ್ತರಿಸಿದೆ, ಕೆಳಗಿನ ಎಲೆಗಳನ್ನು ಬಿಡಿಸಿದೆ, ಮುಕ್ಕಾಲು ಪಾಲು ದಪ್ಪ ಮರಳಿದ್ದ ಮಣ್ಣಿಗೆ ಚುಚ್ಚಿದೆ. ಆರು ವಾರಕ್ಕೆ ನಾಲ್ಕು ಬೇರು ಹಿಡಿದವು. ಐದು ಹೋದವು. ತಲೆಗೂದಲಿನ ಲೆಕ್ಕದಲ್ಲಿ ಇದು ಒಳ್ಳೆಯ ಫಲಿತಾಂಶ, ನನ್ನ ಗಿರಾಕಿಗಳನ್ನು ಕೇಳು. ಇನ್ನೊಂದು ಸಂಗತಿಯನ್ನೂ ಕಂಡುಕೊಂಡಿದ್ದೇನೆ: ಎಲೆಯಿಲ್ಲದ ಹಳೇ ಕಟ್ಟಿಗೆವರೆಗೆ ಕತ್ತರಿಸಿದರೆ ರೋಸ್‌ಮರಿ ಮತ್ತೆ ಚಿಗುರುವುದಿಲ್ಲ. ಬೋಳಾದ ಕಡೆ ಬೆಳೆಸುತ್ತೇನೆಂದು ಮಾತು ಕೊಡಬಾರದೆಂಬುದು ನಮ್ಮ ವೃತ್ತಿಯಲ್ಲೂ ಮೊದಲ ಪಾಠ.

ಈಗ ಮನೆಯಲ್ಲಿ ಕಟ್ಟುನಿಟ್ಟಿನ ಆಡಳಿತ. ನಾಲ್ಕೂ ಮಣ್ಣಿನ ಕುಂಡ, ತಳದಲ್ಲಿ ತೂತು, ಅಡಿಯಲ್ಲಿ ತಟ್ಟೆ ಇಲ್ಲ. ಅಮ್ಮ ಮಣ್ಣಿನಲ್ಲಿ ಬೆರಳಿನ ಎರಡು ಗೆಣ್ಣು ಇಳಿಸಿ, ಒಣಗಿದೆ ಎಂದರೆ ಮಾತ್ರ ನೀರು. ಆ ಬೆರಳಿನ ಮೇಲೆ ಅಪೀಲಿಲ್ಲ. ನೀರಿನ ಖಾತೆ ಕಳೆದುಕೊಂಡು ಮುನಿಸಿಕೊಂಡ ಚಿಕ್ಕಪ್ಪನಿಗೆ ಬಿಸಿಲಿನ ಖಾತೆ ಕೊಟ್ಟಿದ್ದೇವೆ. ಸಲೂನಿನ ಹಳೆಯ ಚಕ್ರದ ಟ್ರಾಲಿಯ ಮೇಲೆ ಕುಂಡಗಳನ್ನಿಟ್ಟುಕೊಂಡು, ಬೆಳಿಗ್ಗೆ ಬಾಲ್ಕನಿ, ಮಧ್ಯಾಹ್ನ ಅಡುಗೆಮನೆ ಕಿಟಕಿ ಎಂದು ಬಿಸಿಲಿನ ಹಿಂದೆ ಓಡಾಡುತ್ತಾರೆ. "ದಾರಿ ಬಿಡಿ, ದಾರಿ ಬಿಡಿ" ಎಂದು ಕೂಗು ಬೇರೆ, ಅದೂ ಹಗಲೆಲ್ಲ ಇಬ್ಬರೇ ಇರುವ ಮನೆಯಲ್ಲಿ. ಬಿಸಿಲು ಸಾಲದೆಂದು ಒಡೆದ ಸಲೂನ್ ಕನ್ನಡಿಯೊಂದನ್ನು ಬಾಲ್ಕನಿಯಲ್ಲಿ ಒರಗಿಸಿದ್ದೆ. ಎದುರು ಮನೆಯ ದಂತವೈದ್ಯರು ಬಂದು "ಏನಪ್ಪಾ, ನಮ್ಮ ಹಾಸಿಗೆ ಮೇಲೆ ಇನ್ನೊಬ್ಬ ಸೂರ್ಯ ಹುಟ್ಟಿದ್ದಾನೆ" ಎಂದರು. ಕನ್ನಡಿಯನ್ನು ನಾಲ್ಕು ಬೆರಳು ತಿರುಗಿಸಿದ್ದೇವೆ. ತೆಗೆದಿಲ್ಲ.

ಇನ್ನು ಬೇಕರಿಯ ಯಜಮಾನರು. ಕಳೆದ ವಾರ ಶೇವಿಂಗಿಗೆ ಬಂದವರು "ನಿಮ್ಮಕ್ಕನ ಕೈ ಯಾರಿಗೂ ಬರಲ್ಲ, ನಿಜ. ಆದ್ರೆ ಎಷ್ಟು ದಿನ ಅಂತ ಜಾಗ ಖಾಲಿ ಬಿಡ್ಲಿ? ತಿಂಗಳ ಕೊನೆಗೆ ಬೇರೆಯವರನ್ನ ತಗೋತೀನಿ" ಎಂದರು. "ಅಕ್ಕ ಬರ್ತಾಳೆ" ಎಂದೆ. ರೇಜರ್ ಅವರ ಗಂಟಲ ಹತ್ತಿರ ಇದ್ದದ್ದರಿಂದ ಅವರು ವಾದ ಮಾಡಲಿಲ್ಲ. ಮುಖ ಒರೆಸಿಕೊಂಡ ಮೇಲೆ ಒಂದು ಪ್ರಶ್ನೆ ಮಾತ್ರ ಕೇಳಿದರು, ಅದೂ ಕೊನೆಯಲ್ಲಿ ಬರುತ್ತದೆ. ಅಮ್ಮ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ರಾತ್ರಿ ತಲೆ ಒಣಗಿಸಿಕೊಂಡು ಮಲಗು ಎಂದಿದ್ದಾಳೆ. ಚಿಕ್ಕಪ್ಪ ಹೊಸ ಚಿಗುರಿನ ಬಗ್ಗೆ ಒಂದೇ ಮಾತು ಬರೆಯಲು ಹೇಳಿದರು: "ಮೇಲಕ್ಕೆ ಹೋಗ್ತಿದೆ."

ಇಂತಿ ನಿನ್ನ ಕೈಯಲ್ಲಿ ಬೈಸಿಕೊಳ್ಳಲು ಸಿದ್ಧನಾಗಿರುವ ತಮ್ಮ,
ಕತ್ತರಿ

ಮರೆತೆನೆಂದುಕೊಂಡೆಯಾ: ಕಾಗದ ಯಾಕೆಂದರೆ, ಫೋನಿಗೆ ವಾಸನೆ ಇಲ್ಲ. ಕಳೆದ ವಾರ, ಕವಲೊಡೆಯಲಿ ಎಂದು ನಾಲ್ಕೂ ಗಿಡಗಳ ತುದಿ ಕತ್ತರಿಸಿದೆ. ಆ ತುದಿಗಳನ್ನು ಜಜ್ಜಿ, ಅವುಗಳ ನಡುವೆ ಈ ಹಾಳೆಗಳನ್ನಿಟ್ಟು, ಬಿಸ್ಕತ್ತಿನ ಡಬ್ಬಿಯಲ್ಲಿ ಐದು ದಿನ ಮುಚ್ಚಿಟ್ಟಿದ್ದೆ. ಸೋಪಿನ ವಾಸನೆ ಸೇರದಿರಲೆಂದು ಬರೆಯುವ ಮೊದಲು ಬರೀ ನೀರಿನಲ್ಲಿ ಮೂರು ಸಲ ಕೈ ತೊಳೆದಿದ್ದೇನೆ. ಓದುತ್ತಿರುವಾಗಲೇ ನಿನಗೆ ಏನಾದರೂ ತಾಗಿದ್ದರೆ ಸರಿ. ಇಲ್ಲದಿದ್ದರೆ ಕಣ್ಣು ಮುಚ್ಚಿ, ಹಾಳೆಯನ್ನು ಮೂಗಿಗೆ ಹಿಡಿದು, ನಿಧಾನವಾಗಿ ಒಮ್ಮೆ ಎಳೆದುಕೋ. ಬಂತೋ ಇಲ್ಲವೋ, ಭಾನುವಾರ ಫೋನಿನಲ್ಲಿ ಒಂದೇ ಮಾತು ಹೇಳು. ನಮ್ಮ ಮನಸ್ಸಿಗೆ ನೋವಾಗುತ್ತದೆಂದು ಸುಳ್ಳು ಹೇಳಬೇಡ, ಆ ಕೆಲಸವನ್ನು ನಾವು ಮೂವರು ಮಾಡಿ ಮುಗಿಸಿದ್ದೇವೆ. ಬರದಿದ್ದರೆ ಚಿಂತೆಯಿಲ್ಲ, ಮುಂದಿನ ಹಾಳೆಗಳು ಆಗಲೇ ಡಬ್ಬಿಯೊಳಗಿವೆ. ಬಂದಿದ್ದರೆ ಮಾತ್ರ ಒಂದು ಸಣ್ಣ ಉಪಕಾರ ಮಾಡು: ಏಪ್ರನ್ನಿನ ಅಳತೆ ಮೊದಲಿನದ್ದೇನಾ ಎಂದು ತಿಳಿಸು. ಯಜಮಾನರು ಕೇಳಿದ್ದಾರೆ.