ಅಣ್ಣನಿಗೆ ಹೇಳಿದ್ದು

ಮಾರ್ಚ್ 4

ಬೆಳಿಗ್ಗೆಯಿಂದ ಫೈಲುಗಳು. ನೀರಿನ ಪೈಪು, ಹೆಣ್ಣುಮಕ್ಕಳ ಶಾಲೆ, ಎರಡು ಸೇತುವೆ. ಪಟ್ಟಕ್ಕೆ ಬಂದಾಗಿನಿಂದ ಮಾಡಿದ್ದು ಕಡಿಮೆಯಲ್ಲ. ಆದರೂ ಕಾರು ಹಾದು ಹೋದರೆ ಜನ ತಲೆ ತಗ್ಗಿಸುತ್ತಾರೆ, ಮುಖ ನೋಡುವುದಿಲ್ಲ. ಹೋದ ವರ್ಷದ ಕಾಯಿದೆಯನ್ನೂ ಯಾರೂ ನಂಬಿಲ್ಲ — ಅರಮನೆಯವರು ತಪ್ಪು ಮಾಡಿದರೂ ಎಲ್ಲರ ಹಾಗೆ ಕೋರ್ಟಿನಲ್ಲಿ ನಿಲ್ಲಬೇಕು ಎಂಬುದು. ಮಂತ್ರಿಯೇ ನಕ್ಕಿದ್ದರು. "ಓದೋದಕ್ಕೆ ಚೆನ್ನಾಗಿದೆ, ಪ್ರಭು."

ಊಟಕ್ಕೆ ಅಮ್ಮ, ತಮ್ಮ, ನಾನು. ಮಂತ್ರಿಗಳು ಸೀನುವುದನ್ನು ತಮ್ಮ ಮಾಡಿ ತೋರಿಸಿದ. ನಕ್ಕು ನಕ್ಕು ಅಮ್ಮನಿಗೆ ನೆತ್ತಿಗೆ ಹತ್ತಿತು. ಅವನಿಲ್ಲದಿದ್ದರೆ ಈ ಮನೆಯೂ ಒಂದು ಆಫೀಸೇ.

ಮಾರ್ಚ್ 11

ಮಾರ್ಕೆಟ್ ರಸ್ತೆಯಲ್ಲಿ ನಮ್ಮ ಕಾರು ಬಡಿದು ಒಬ್ಬ ಟೈಲರ್ ಸತ್ತಿದ್ದಾನೆ. ಅಂಗಡಿ ಮುಚ್ಚಿ ರಸ್ತೆ ದಾಟುತ್ತಿದ್ದನಂತೆ. ಪೊಲೀಸ್ ಮುಖ್ಯಸ್ಥ ಬಂದು ಹೇಳಿದ, "ಡ್ರೈವರ್ ತಪ್ಪು ಒಪ್ಕೊಂಡಿದಾನೆ. ನೀವು ತಲೆ ಕೆಡಿಸ್ಕೋಬೇಡಿ."

ತಮ್ಮ ಊಟಕ್ಕೆ ಬರಲಿಲ್ಲ.

ಮಾರ್ಚ್ 12, ಸಂಜೆ

ತಮ್ಮ ಬಂದ. ಕೂರಲಿಲ್ಲ.

"ಗಾಡಿ ಓಡಿಸ್ತಿದ್ದದ್ದು ನಾನು, ಅಣ್ಣ. ಡ್ರೈವರ್ ಪಕ್ಕದಲ್ಲಿ ಕೂತಿದ್ದ. ನಿಧಾನ, ನಿಧಾನ ಅಂತಾನೇ ಇದ್ದ..."

ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತ. ಬೆನ್ನು ಸವರಿದೆ. ಆಮೇಲೆ ನನ್ನ ಬಾಯಿಂದ ಬಂದದ್ದು ಇಷ್ಟು: "ಇದನ್ನೇ ಕೋರ್ಟಲ್ಲಿ ಹೇಳು."

ತಲೆ ಎತ್ತಿದ. ಯಾರೋ ಹೊಸಬರನ್ನು ನೋಡುವ ಹಾಗೆ ನೋಡಿದ.

"ನಾನು ರಾಜರಿಗೆ ಹೇಳಲಿಲ್ಲ. ಅಣ್ಣಂಗೆ ಹೇಳಿದೆ."

ಕಣ್ಣೊರೆಸಿಕೊಂಡು ಹೊರಟುಹೋದ.

ಮಾರ್ಚ್ 13

ಮಂತ್ರಿಯನ್ನು ಕರೆಸಿ ಎಲ್ಲ ಹೇಳಿದೆ. ಡ್ರೈವರನನ್ನು ಬಿಡಿ, ಕೇಸು ತಮ್ಮನ ಮೇಲೆ ಹಾಕಿ ಎಂದೆ. ಬೆಚ್ಚಿದರು. ಸ್ವಲ್ಪ ಯೋಚಿಸಿ ದನಿ ತಗ್ಗಿಸಿದರು. "ಒಂದು ಲೆಕ್ಕದಲ್ಲಿ ಒಳ್ಳೇದೇ, ಪ್ರಭು. ಶಾಲೆ, ಸೇತುವೆ ಯಾರೂ ನೆನಪಿಡಲ್ಲ. ಸ್ವಂತ ತಮ್ಮನ್ನ ಕಟಕಟೆ ಹತ್ತಿಸಿದ ರಾಜನ್ನ ಯಾರೂ ಮರೆಯಲ್ಲ."

ಮೈ ಉರಿಯಿತು. ಹೊರಗೆ ಹೋಗಿ ಎಂದೆ. ಅವರು ಹೋದರು, ಆ ಮಾತು ಹೋಗಲಿಲ್ಲ. ಕೇಳಿ ಒಳಗೊಳಗೇ ಹಿತವಾಯಿತೇ ನನಗೆ? ಗೊತ್ತಿಲ್ಲ... ಬರೆಯಲೂ ನಾಚಿಕೆ.

ಏಪ್ರಿಲ್ 20

ಎರಡು ವರ್ಷ ಜೈಲು. ತಮ್ಮ ಕೋರ್ಟಿನಲ್ಲಿ ಒಂದು ಸುಳ್ಳೂ ಹೇಳಲಿಲ್ಲವಂತೆ.

ಮಧ್ಯಾಹ್ನ ಅಮ್ಮ ನನ್ನ ಆಫೀಸಿಗೇ ಬಂದರು, ಮೊದಲ ಸಲ. ಅರ್ಜಿದಾರರು ಕೂರುವ ಕುರ್ಚಿಯಲ್ಲಿ ಕುಳಿತರು.

"ಕ್ಷಮೆ ಕೊಡೋ ಅಧಿಕಾರ ನಿನ್ನ ಹತ್ರ ಇದೆಯಲ್ಲಪ್ಪ?"

"ಇದೆ."

"ಮತ್ತೆ?"

"ಆ ಟೈಲರ್ ಮನೆಯವರಿಗೆ ಏನು ಹೇಳ್ಲಿ, ಅಮ್ಮ?"

"ಅವರಿಗೆ ಏನು ಹೇಳ್ಬೇಕೋ ನಂಗೂ ಗೊತ್ತಿಲ್ಲ. ನಂಗೇನು ಹೇಳ್ತೀಯ, ಅದನ್ನ ಹೇಳು."

ಮುಂದಿದ್ದ ಫೈಲು ಮುಚ್ಚಿದೆ. ಎದ್ದರು. ಬಾಗಿಲ ಹತ್ತಿರ ನಿಂತು, "ಇನ್ಮೇಲೆ ನನ್ನ ಊಟ ನನ್ನ ಕೋಣೆಗೇ ಕಳಿಸೋದಕ್ಕೆ ಹೇಳು" ಎಂದರು.

ಆಗಸ್ಟ್ 2

ಜನ ಈಗ ತಲೆ ತಗ್ಗಿಸುವುದಿಲ್ಲ. ಮುಖ ನೋಡುತ್ತಾರೆ, ಕೈ ಬೀಸುತ್ತಾರೆ. ಕ್ಷೌರದ ಅಂಗಡಿಯ ಕನ್ನಡಿಯ ಮೇಲೆ ನನ್ನ ಫೋಟೋ. ಪತ್ರಿಕೆಗಳಲ್ಲಿ 'ಮಹಾರಾಜ' ಹೋಗಿ 'ಮಹಾಪುರುಷ'. ಹಳೆಯ ಕಾಯಿದೆಗಳೆಲ್ಲ ಒಮ್ಮೆಲೇ ಒಳ್ಳೆಯವಾಗಿವೆ. ಅದೇ ಪೈಪು, ಅದೇ ಶಾಲೆ... ಈಗ ನಂಬುತ್ತಾರೆ. ಹಳ್ಳಿಗಳಲ್ಲಿ ಜಮೀನ್ದಾರರ ಮೇಲೂ ದೂರು ಕೊಡುತ್ತಿದ್ದಾರಂತೆ. ಮಂತ್ರಿ ಹೇಳಿದ್ದು ಅಕ್ಷರಶಃ ನಿಜವಾಯಿತು.

ಟೈಲರನ ಹೆಂಡತಿಯನ್ನು ನೋಡಲು ಹೋದೆ. ಈಗ ಅವಳೇ ಮೆಷಿನ್ ತುಳಿಯುತ್ತಾಳೆ. ನಿಲ್ಲಿಸಲಿಲ್ಲ.

"ಎಲ್ಲಾರೂ ನಿಮ್ಮನ್ನ ಹೊಗಳ್ತಾರೆ. ನಂಗೆ ಹೊಗಳೋಕೂ ಆಗಲ್ಲ, ಬಯ್ಯೋಕೂ ಆಗಲ್ಲ." ದಾರ ಕಚ್ಚಿ ತುಂಡು ಮಾಡಿದಳು. "ನಿಮ್ಮ ತಾಯಿ ಹೇಗಿದಾರೆ?"

ಇಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

ಜನವರಿ 6, ಮರುವರ್ಷ

ಜೈಲಿಗೆ ಹೋಗಿದ್ದೆ. ಜೈಲರ್ ಒಳಗೆ ಹೋಗಿ ಬಂದು ಕೈ ಹಿಸುಕಿಕೊಂಡ. "ಅವರು... ರಾಜರನ್ನ ನೋಡೋ ಯೋಗ್ಯತೆ ನಂಗಿಲ್ಲ ಅಂತಿದಾರೆ."

ಪಕ್ಕಾ ತಮ್ಮನ ಮಾತು. ಬೇರೆ ಯಾವಾಗಲಾದರೂ ಆಗಿದ್ದರೆ ನಗು ಬರುತ್ತಿತ್ತು.

ಅಕ್ಟೋಬರ್ 15

ಚೌಕದಲ್ಲಿ ನನ್ನ ಪ್ರತಿಮೆಯಂತೆ. ಬೇಡವೆಂದೆ. ಅದಕ್ಕೂ ಹೊಗಳಿದರು.

ದೊಡ್ಡ ಮೇಜು, ಒಂದು ತಟ್ಟೆ.

ಏಪ್ರಿಲ್ 19, ಅದರ ಮರುವರ್ಷ. ಸಂಜೆ

ಇಂದು ತಮ್ಮನ ಬಿಡುಗಡೆ. ಯಾರಿಗೂ ಹೇಳದೆ ನಾನೇ ಕಾರು ಓಡಿಸಿಕೊಂಡು ಹೋದೆ. ಗೇಟಿನ ಎದುರು ನಿಂತೆ. ಅವನು ಹೊರಬಂದ. ತೆಳ್ಳಗಾಗಿದ್ದಾನೆ, ಕಿವಿಯ ಹತ್ತಿರ ನರೆ. ನನ್ನನ್ನು ನೋಡಿದ. ಒಂದು ಹೆಜ್ಜೆ ಮುಂದೆ ಇಟ್ಟ — ಇಟ್ಟದ್ದು ನಿಜ, ನಾನು ಕಂಡೆ. ಅಷ್ಟರಲ್ಲಿ ಯಾರೋ ನನ್ನ ಗುರುತು ಹಿಡಿದರು. ಕ್ಷಣದಲ್ಲಿ ರಸ್ತೆ ತುಂಬ ಜನ. ಜಯಕಾರ. ಒಬ್ಬ ಮುದುಕ ನನ್ನ ಎರಡೂ ಕೈ ಹಿಡಿದು ಅಳುತ್ತಿದ್ದ, ಬಿಡಿಸಿಕೊಳ್ಳಲಾಗಲಿಲ್ಲ. ಜನ ಸರಿದಾಗ ಗೇಟಿನ ಮುಂದೆ ಯಾರೂ ಇರಲಿಲ್ಲ.

ಊರೆಲ್ಲ ಸುತ್ತಿ ಬಂದೆ. ಬಸ್ ಸ್ಟ್ಯಾಂಡಿನಲ್ಲೂ ಇಲ್ಲ. ಅಮ್ಮನಿಗೆ ಹೇಳೋಣವೆಂದು ಅವರ ಕೋಣೆಯವರೆಗೆ ಹೋದೆ. ಒಳಗೆ ನಗು. ಅಮ್ಮನದು. ನಡುವೆ ಅವನ ದನಿ. ಹಿಂದಿನ ಬಾಗಿಲಿನಿಂದ ಬಂದಿರಬೇಕು. ತಟ್ಟಲು ಕೈ ಎತ್ತಿದೆ. ನಾನು ಒಳಗೆ ಹೋದರೆ ಆ ನಗು ನಿಲ್ಲುತ್ತದೆ. ವಾಪಸು ಬಂದೆ.

ಇಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಯಾರೋ ಬಂದು ನಿಂತಿದ್ದಾರೆ. ಕಾವಲಿನವನಾಗಿದ್ದರೆ ಇಷ್ಟೊತ್ತಿಗೆ ಬಾಗಿಲು ತಟ್ಟುತ್ತಿದ್ದ. ತಟ್ಟದೆ ಒಳಗೆ ಬರುವವರು ಈ ಮನೆಯಲ್ಲಿ ಇಬ್ಬರೇ. ಹಿಡಿಕೆ ತಿರುಗುತ್ತಿದೆ—